ದಾರ ಬಿಟ್ಟ ಇರುವೆ

ತಿಕೋಟಾದ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಸುರೈಯಾಳಿಗೆ ಜೇಡ ಕಂಡರೆ ಜೀವ ಬಾಯಿಗೆ ಬರುತ್ತದೆ. ತರಗತಿಯ ಮೂಲೆಯಲ್ಲಿ ಬಲೆ ಕಣ್ಣಿಗೆ ಬಿದ್ದರೆ ಸಾಕು, ಪಾಠ ಹೇಳುತ್ತಲೇ ಎದುರಿನ ಗೋಡೆಗೆ ಸರಿದು ನಿಲ್ಲುತ್ತಾಳೆ. ಹುಡುಗರಿಗೆ ಇದು ಗೊತ್ತು. ಅವಳು ಗದರಿಸುವವಳಲ್ಲವಾದ್ದರಿಂದ ಅವರೇ ಮುಂಜಾನೆ ಬಂದು ಪೊರಕೆಯಿಂದ ಮೂಲೆಗಳನ್ನು ಬಳಿದು ಇಟ್ಟಿರುತ್ತಾರೆ.

ಈ ಹೆದರಿಕೆ ಹತ್ತಿದ್ದು ವಿಜಯಪುರದಲ್ಲಿ, ಅವಳಿಗಿನ್ನೂ ಜಡೆ ಹೆಣೆದುಕೊಳ್ಳಲು ಬರದ ವಯಸ್ಸಿನಲ್ಲಿ. ತಂದೆ ಮುರ್ತುಜಾಸಾಬರದು ಗಾದಿ ಹೊಲಿಯುವ ಅಂಗಡಿ. ಹತ್ತಿಯ ಗಂಟುಗಳ ನಡುವೆ, ಮಾಡಿನ ಸಂದಿಗಳಲ್ಲಿ ಉದ್ದ ಕಾಲಿನ ಜೇಡಗಳು ಬೇಕಾದಷ್ಟಿದ್ದವು. ಅವುಗಳಿಂದ ದೂರವಿರಲೆಂದೇ ಹುಡುಗಿ ಅಂಗಡಿಯ ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅಲ್ಲಿ ಅವಳಿಗೆ ಇರುವೆಗಳ ಸ್ನೇಹ. ಬೆಲ್ಲದ ಚೂರು ಇಟ್ಟು ಸಾಲು ಕಟ್ಟಿಸುವುದು, ಕೈಯ ಮೇಲೆ ಹತ್ತಿಸಿಕೊಳ್ಳುವುದು, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದು.

ಒಂದು ಮಧ್ಯಾಹ್ನ ಹಾಗೆ ಕರಿ ಇರುವೆಯೊಂದು ಅವಳ ತೋರುಬೆರಳು ಹತ್ತಿತು. ಅವಳು ಕೈ ತಿರುಗಿಸಿದಳು. ಇರುವೆ ಜಾರಿತು. ಆದರೆ ನೆಲಕ್ಕೆ ಬೀಳಲಿಲ್ಲ. ಗಾಳಿಯಲ್ಲಿ ನಿಂತಿತು. ಬೆರಳ ತುದಿಯಿಂದ ಕಂಡೂ ಕಾಣದ ಒಂದು ಎಳೆ ಇಳಿದಿತ್ತು. ಆ ಎಳೆ ಹಿಡಿದು ಅದು ತಿರುಗಿ ಮೇಲೆ, ಅವಳ ಕೈಯ ಕಡೆಗೇ ಹತ್ತಿ ಬರುತ್ತಿತ್ತು.

ಅವಳು ಕಿರುಚಿದ ರೀತಿಗೆ ಮುರ್ತುಜಾಸಾಬರು ಮಗಳ ಕಾಲಿಗೆ ದಬ್ಬಣ ಚುಚ್ಚಿತೆಂದೇ ತಿಳಿದು ಓಡಿ ಬಂದರು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ, ಮೆಟ್ಟಿಲ ಸಂದಿಯಲ್ಲಿ ಅಡಗಿದ್ದ ಅದನ್ನು ಒಂದು ಗಾಜಿನ ಲೋಟದೊಳಗೆ ಕೆಡವಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಸೂಜಿಗೆ ದಾರ ಪೋಣಿಸುವಾಗ ಹಾಕಿಕೊಳ್ಳುವ ದಪ್ಪ ಚಷ್ಮಾ ಅವಳ ಕೈಗೆ ಕೊಟ್ಟರು.

"ನೋಡು, ಬೇಟಿ. ಹೆದರಿಕಿ ಬಂದದ್ದನ್ನ ಪೂರಾ ನೋಡಬೇಕು. ಅರ್ಧಾ ನೋಡಿ ಬಿಟ್ರ, ಉಳದ ಅರ್ಧಾ ಕನಸಿನಾಗ ಬರ್ತೈತಿ."

ಅವಳು ಅಳುತ್ತಲೇ ನೋಡಿದಳು. ಕಾಲು ಎಣಿಸಿದಳು. ಆರಲ್ಲ, ಎಂಟು. ಆದರೆ ಮುಂದಿನ ಎರಡನ್ನು ಅದು ನೆಲಕ್ಕೇ ಊರುತ್ತಿರಲಿಲ್ಲ. ಮೇಲೆತ್ತಿ, ಇರುವೆಯ ಮೀಸೆಯ ಹಾಗೆ ಅಲ್ಲಾಡಿಸುತ್ತಿತ್ತು. ಮೀಸೆ ಇರಬೇಕಾದ ತಲೆಯ ಮೇಲೆ ಮೀಸೆಯೇ ಇರಲಿಲ್ಲ. ಬದಲಿಗೆ ಮುಖದ ತುಂಬ ಎರಡು ದೊಡ್ಡ ಕಪ್ಪು ಕಣ್ಣು, ಅವಳನ್ನೇ ನೋಡುತ್ತಿದ್ದವು.

ತಂದೆ ಹೇಳಿದ್ದು ಅರ್ಧ ನಿಜವಾಯಿತು. ಕನಸಿನಲ್ಲಿ ಅದು ಪೂರ್ತಿಯಾಗಿಯೇ ಬಂತು. ಅಂದಿನಿಂದ ಸುರೈಯಾಳಿಗೆ ಇರುವೆಗಳ ಮೇಲೂ ವಿಶ್ವಾಸ ಹೋಯಿತು. ಯಾವುದು ಇರುವೆ, ಯಾವುದು ಇರುವೆಯ ವೇಷ ಹಾಕಿದ್ದು ಎಂದು ಗೊತ್ತಾಗುವವರೆಗೆ ಅವಳು ಕೈ ಚಾಚುತ್ತಿರಲಿಲ್ಲ. ಹೆದರಿದವರು ಹೆದರಿಸಿದ್ದನ್ನು ಎಷ್ಟು ಚೆನ್ನಾಗಿ ತಿಳಿದುಕೊಳ್ಳುತ್ತಾರೋ ಅಷ್ಟು ಚೆನ್ನಾಗಿ ಪ್ರೀತಿಸುವವರೂ ತಿಳಿಯಲಿಕ್ಕಿಲ್ಲ. ಬಿ.ಎಸ್‌ಸಿ.ಯಲ್ಲಿ ಅವಳು ಪ್ರಾಣಿಶಾಸ್ತ್ರ ತೆಗೆದುಕೊಂಡಾಗ ಮನೆಯವರಿಗೆ ಆಶ್ಚರ್ಯವಾಯಿತು. ಅವಳಿಗೆ ಆಗಲಿಲ್ಲ.

ಕಾಲೇಜಿನಲ್ಲಿ ಉಳಿದ ಗುರುತುಗಳೂ ಸಿಕ್ಕವು. ಇರುವೆಗೆ ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗ. ಜೇಡಕ್ಕೆ ಎರಡೇ, ತಲೆ ಎದೆ ಒಂದಾಗಿರುತ್ತದೆ. ಈ ವೇಷಗಾರ ಜೇಡ ತನ್ನ ಮುಂದಿನ ಭಾಗವನ್ನು ನಡುವೆ ಹಿಂಡಿದ ಹಾಗೆ ಸಣ್ಣಗೆ ಮಾಡಿಕೊಂಡು, ಅಲ್ಲೊಂದು ಬಿಳಿ ಕೂದಲಿನ ಗೆರೆ ಇಟ್ಟುಕೊಂಡು, ಮೂರು ಭಾಗವೆಂದು ನಂಬಿಸುತ್ತದೆ. ಇರುವೆಯ ಮೀಸೆ ಮೊಣಕೈಯಂತೆ ನಡುವೆ ಬಾಗಿರುತ್ತದೆ. ಇದರ ಸುಳ್ಳು ಮೀಸೆಗೆ ಕಾಲಿನ ಗಂಟುಗಳಿರುತ್ತವೆ. ಗಂಡಿನ ದವಡೆ ಮುಂದಕ್ಕೆ ಉದ್ದ ಚಾಚಿ, ಇರುವೆಯೊಂದು ಕಾಳು ಕಚ್ಚಿಕೊಂಡು ಹೊರಟ ಹಾಗೆ ಕಾಣುತ್ತದೆ. ಇರುವೆ ಸಾಲು ಹಿಡಿದು ಹೋಗುತ್ತದೆ. ಇದು ಒಂಟಿ. ನಡೆಯುತ್ತ ನಡೆಯುತ್ತ ಗಕ್ಕನೆ ನಿಲ್ಲುತ್ತದೆ, ಮುಖ ತಿರುಗಿಸಿ ನೋಡುತ್ತದೆ. ಇರುವೆ ಹಾಗೆ ಯಾರನ್ನೂ ನೋಡುವುದಿಲ್ಲ.

ಮದುವೆಗೆ ಮುಂಚೆ ಅವಳು ಬಬಲೇಶ್ವರದ ಶಾಲೆಯೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅಲ್ಲೊಮ್ಮೆ ಹುಡುಗಿಯೊಬ್ಬಳು ಕಂಪಾಸಿನ ಡಬ್ಬಿಯಲ್ಲಿ ಇಂಥದ್ದೊಂದನ್ನು ಹಿಡಿದು ತಂದು ಮೇಜಿನ ಮೇಲೆ ಮುಚ್ಚಳ ತೆಗೆದಳು. ಅದು ಹಾರಿ ಸುರೈಯಾಳ ಸೆರಗಿನ ಮೇಲೆ ಕೂತಿತು. ಅವಳು ಕೂಗಲಿಲ್ಲ, ಓಡಲಿಲ್ಲ. ನಿಂತಲ್ಲೇ ನಿಂತಳು. ನಾಲಿಗೆ ಒಣಗಿ, ಕೈಕಾಲು ತನ್ನವಲ್ಲವೆಂಬಂತಾಗಿ, ಬೇರೆ ಟೀಚರು ಬಂದು ಅದನ್ನು ಕಾಗದದಿಂದ ತೆಗೆಯುವವರೆಗೂ ಮಾತು ಹೊರಡಲಿಲ್ಲ. ಅವಳ ಹೆದರಿಕೆಯ ಸ್ವಭಾವವೇ ಅದು. ಮಾತನ್ನು ಕಸಿದುಕೊಳ್ಳುತ್ತದೆ.

ತಿಕೋಟಾದ ಮೆಹಬೂಬನನ್ನು ಮದುವೆಯಾದ ಮೇಲೆ ಬದುಕು ಅಲ್ಲಿಗೇ ಬಂತು. ಮೆಹಬೂಬ ಪಿಕಪ್ ಗಾಡಿ ಓಡಿಸುತ್ತಾನೆ. ದ್ರಾಕ್ಷಿಯ ಕಾಲದಲ್ಲಿ ಪಡಗಳಿಂದ, ಅಂದರೆ ದ್ರಾಕ್ಷಿ ತೋಟಗಳಿಂದ, ಹಣ್ಣಿನ ಕ್ರೇಟುಗಳನ್ನು ಒಣಗಿಸುವ ಶೆಡ್ಡುಗಳಿಗೆ ಒಯ್ಯುವುದು ಅವನ ಕೆಲಸ. ಅತ್ತೆ ಪೀರಾಂಬಿಗೆ ಸೊಸೆಯ ಒಂದು ಚಟ ಮಾತ್ರ ತಿಳಿಯುತ್ತಿರಲಿಲ್ಲ. ಸಕ್ಕರೆ ಡಬ್ಬಿಗೆ ಇರುವೆ ಮುತ್ತಿದರೆ ಸೊಸೆ ಅದನ್ನು ಝಾಡಿಸುವ ಮುಂಚೆ ಬಗ್ಗಿ ಒಂದೊಂದನ್ನೂ ನೋಡುತ್ತಾಳೆ.

"ಏನ್ ಬೇ, ಪರಿಚಯದವು ಬಂದಾವೇನು?" ಎಂದು ಪೀರಾಂಬಿ ನಗುತ್ತಿದ್ದಳು.

ಆ ವರ್ಷ ಕೊಯ್ಲಿನ ಹೊತ್ತಿಗೆ ಊರೂರಲ್ಲಿ ಒಂದು ಸುದ್ದಿ ಹಬ್ಬಿತು. ಪಡಗಳಲ್ಲಿ ಹೊಸ ತರಹದ ಇರುವೆ ಬಂದಿದೆ, ದಾರ ಬಿಟ್ಟು ಇಳಿಯುತ್ತದೆ, ಕಚ್ಚಿದರೆ ಕೈ ಕೊಳೆಯುತ್ತದೆ ಎಂದು. ಯಾರದೋ ಬಾತ ಕೈಯ ಚಿತ್ರವೊಂದು ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಬಿಜ್ಜರಗಿಯಲ್ಲಿ, ಘೋಣಸಗಿಯಲ್ಲಿ ಹೆಣ್ಣುಮಕ್ಕಳು ತೋಳಿಗೆ ಹಳೆಯ ಕಾಲುಚೀಲ ಏರಿಸಿಕೊಂಡು ಗೊಂಚಲು ಕತ್ತರಿಸತೊಡಗಿದರು. ಸುದ್ದಿ ಕೇಳಿದ ಕೂಡಲೇ ಅದು ಯಾವುದೆಂದು ಸುರೈಯಾಳಿಗೆ ಹೊಳೆಯಿತು. ಅದು ಕಚ್ಚಿ ಯಾರ ಕೈಯೂ ಕೊಳೆಯುವುದಿಲ್ಲವೆಂದೂ ಗೊತ್ತಿತ್ತು. ಆದರೂ ಆ ರಾತ್ರಿಗಳಲ್ಲಿ ಅವಳು ಹಾಸಿಗೆ ಝಾಡಿಸಿ, ಗೋಡೆಯಿಂದ ದೂರ ಎಳೆದುಕೊಂಡು ಮಲಗಿದಳು.

ಶಾಲೆಗೆ ರಜೆಯಿದ್ದ ಒಂದು ಮುಂಜಾನೆ, ತವರಿಗೆ ಒಂದಿಷ್ಟು ಹಣ್ಣು ಆರಿಸಿಕೊಳ್ಳಬೇಕೆಂದು ಅವಳು ಮೆಹಬೂಬನ ಗಾಡಿಯಲ್ಲಿ ಬಿಜ್ಜರಗಿಗೆ ಹೋದಳು. ಪಡ ಬಸಗೊಂಡಪ್ಪನದು. ಮೆಹಬೂಬ ಅವನನ್ನು ಕಾಕಾ ಎಂದು ಕರೆಯುವಷ್ಟು ಹಳೆಯ ಬಳಕೆ. ಕೊಯ್ಯುವ ಹೆಣ್ಣುಮಕ್ಕಳ ಗುಂಪಿಗೆ ಹಿರಿಯಳು ಗುರುಸಿದ್ದವ್ವ. ಅವಳು ತೋಳಿಗೆ ಚೀಲ ಏರಿಸಿರಲಿಲ್ಲ. ಇರುವೆಯ ಸುದ್ದಿಗೆ ನಕ್ಕವಳು ಅವಳೊಬ್ಬಳೇ.

ಸುರೈಯಾ ಗಾಡಿಯಿಂದ ಇಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಸಾಲಿನ ಆ ತುದಿಯಲ್ಲಿ ಗದ್ದಲವೆದ್ದಿತು. ಖಾಲಿ ಕ್ರೇಟುಗಳ ರಾಶಿಯ ಹತ್ತಿರ ಗುರುಸಿದ್ದವ್ವ ಎಡಗೈ ಹಿಡಿದುಕೊಂಡು ಕೂತಿದ್ದಳು. ಕೆಳಗಿನ ಕ್ರೇಟು ಎತ್ತಲು ಕೈ ಹಾಕಿದಾಗ ಬೆರಳ ಬುಡಕ್ಕೆ ಚುರ್ ಎಂದಿತಂತೆ. ಕೈ ಹಿಂದಕ್ಕೆ ಎಳೆದು ನೋಡಿದರೆ ಮುಂಗೈ ಮೇಲೆ ಕರಿ ಇರುವೆ. ಕೊಡವಿದಾಗ ಅದು ದಾರ ಬಿಟ್ಟು ಜೋತಾಡಿತು. ಜೊತೆಯ ಶೈಲಾ ಅದನ್ನು ನೀರಿನ ಬಾಟಲಿಯಲ್ಲಿ ಹಿಡಿದು ಬೂಚು ತಿರುವಿದ್ದಳು.

"ಅದೇ ಐತಿ ನೋಡ್ರಿ, ಫೋನಿನಾಗ ಬಂದದ್ದು ಅದೇ," ಎಂದಳು ಶೈಲಾ. ಉಳಿದವರು ಕತ್ತರಿ ಎಸೆದು, ಸೀರೆ ಕೊಡವಿಕೊಳ್ಳುತ್ತ ಬಳ್ಳಿಗಳ ಕೆಳಗಿನಿಂದ ಬಯಲಿಗೆ ಓಡಿ ಬಂದಿದ್ದರು. ಒಬ್ಬಳು ಅಳುತ್ತಿದ್ದಳು.

ಬಸಗೊಂಡಪ್ಪ ಬಂದು ನೋಡಿದ. "ಸುಣ್ಣಾ ಹಚ್ಚರಿ. ಉಳ್ಳಾಗಡ್ಡಿ ತಿಕ್ಕರಿ. ನಾಳೀಗೆ ಪಡದ ತುಂಬ ಎಣ್ಣಿ ಹೊಡಸ್ತೀನಿ, ಎಲ್ಲಾ ಸಾಯ್ತಾವ," ಎಂದ. ಎಣ್ಣೆಯೆಂದರೆ ಕೀಟನಾಶಕ. ಕೊಯ್ಲಿಗೆ ಬಂದ ಹಣ್ಣಿನ ಮೇಲೆ ಅದನ್ನು ಹೊಡೆಯಬಾರದೆಂದು ಅವನಿಗೂ ಗೊತ್ತಿತ್ತು. ಆದರೆ ಅವನೂ ಹೆದರಿದ್ದ.

"ಏ, ಏನೂ ಆಗಿಲ್ಲ ತಗೀರಿ. ಇರುವಿ ಕಡದ್ರ ಯಾರರ ಸತ್ತಾರೇನು," ಎಂದಳು ಗುರುಸಿದ್ದವ್ವ.

ಅಷ್ಟರಲ್ಲಿ ಯಾರೋ ಸುರೈಯಾಳ ಕಡೆ ತಿರುಗಿದರು. "ಟೀಚರ ಬಂದಾರಲ್ಲ. ಅವರು ವಿಜ್ಞಾನ ಕಲಿಸ್ತಾರ. ಅವರಿಗೆ ತೋರಸ್ರಿ." ಶೈಲಾ ಬಾಟಲಿಯನ್ನು ನೇರವಾಗಿ ಅವಳ ಮುಖದ ಹತ್ತಿರ ಹಿಡಿದಳು.

ಒಳಗೆ ಅದು ಪ್ಲಾಸ್ಟಿಕ್ಕಿನ ಗೋಡೆ ಹತ್ತುತ್ತಿತ್ತು. ಗಕ್ಕನೆ ನಿಂತಿತು. ಮುಖ ತಿರುಗಿಸಿತು.

ಸುರೈಯಾಳ ನಾಲಿಗೆ ಒಣಗಿತು. ಪಡ, ಜನ, ಬಿಸಿಲು ಎಲ್ಲ ಹಿಂದೆ ಸರಿದು ಬಾಟಲಿಯೊಂದೇ ಉಳಿದಂತಾಯಿತು. ಅವಳು ಹಿಂದೆ ಹೆಜ್ಜೆ ಇಡುತ್ತ ಗಾಡಿಯ ಬಾಗಿಲಿಗೆ ಬೆನ್ನು ತಾಗಿಸಿ ನಿಂತಳು. ಮೆಹಬೂಬನಿಗೆ ಮಾತ್ರ ಅದರ ಅರ್ಥ ಗೊತ್ತು. ಅವನು ಬಾಟಲಿ ಇಸಿದುಕೊಂಡು ಬೆನ್ನ ಹಿಂದೆ ಹಿಡಿದ.

"ಬ್ಯಾಡ ಬಿಡು. ನೀ ಗಾಡ್ಯಾಗ ಕುಂದ್ರು," ಎಂದ ಮೆಲ್ಲಗೆ.

ಅವಳು ಕೂರುತ್ತಿದ್ದಳೇನೋ. ಆದರೆ ಗುರುಸಿದ್ದವ್ವನ ಕೈ ಕಣ್ಣಿಗೆ ಬಿತ್ತು. ಹಚ್ಚಿದ ಸುಣ್ಣ ಕೆಂಪಗಾಗಿತ್ತು. ಒರೆಸಿದರೂ ಆ ಕೆಂಪು ಮತ್ತೆ ಒಸರುತ್ತಿತ್ತು. ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಚರ್ಮ ಬಿಗಿದು ಹೊಳೆಯುತ್ತಿತ್ತು. ಬಳೆಗಳು ಆಗಲೇ ಮಾಂಸದಲ್ಲಿ ಹೂತಿದ್ದವು.

ಇರುವೆ ಕಚ್ಚಿದರೆ ರಕ್ತ ಒಸರುವುದಿಲ್ಲ. ಬಾಟಲಿಯಲ್ಲಿರುವುದು ತನಗೆ ಗೊತ್ತಿರುವುದೇ ಆಗಿದ್ದರೆ, ಅದರ ಬಾಯಿಗೆ ಈ ಕೆಲಸ ಸಾಧ್ಯವಿಲ್ಲ. ಆದರೆ ಅದು ಅದೇ ಎಂದು ಖಚಿತವಾಗಬೇಕಿತ್ತು. ಬೇರೆ ಯಾವುದಾದರೂ ಆಗಿದ್ದರೆ? ದೂರದಿಂದ ನೋಡಿದ್ದನ್ನು ನಂಬಿ ಮಾತಾಡುವ ಹಾಗಿರಲಿಲ್ಲ.

"ಕೊಡ್ರಿ," ಎಂದಳು ಗಂಡನಿಗೆ. ಧ್ವನಿ ಅವಳದೇ ಎಂದು ಮೆಹಬೂಬನಿಗೆ ಅನ್ನಿಸಲಿಲ್ಲ.

ಬಾಟಲಿಯನ್ನು ಅವಳು ಮುಟ್ಟಲಿಲ್ಲ. ಗಾಡಿಯ ಮುಂಭಾಗದ ಮೇಲೆ ಇಡಿಸಿ, ಮೊಬೈಲ್ ತೆರೆದು, ಮೊಣಕೈ ಊರಿ ಹತ್ತಿರ ಹಿಡಿದಳು. ಪರದೆಯ ಮೇಲೆ ಅದು ಅಂಗೈ ಅಗಲ ಆಯಿತು. ಕಣ್ಣು ಮುಚ್ಚಿ ತೆರೆದು, ಚಿತ್ರ ತೆಗೆದು, ಹಿಗ್ಗಿಸಿದಳು. ಕಾಲು ಎಣಿಸಿದಳು: ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಮೇಲೆತ್ತಿದ ಎರಡು ಕಾಲೇ ಹೊರತು ಮೀಸೆಯಲ್ಲ. ತಲೆ ಎದೆಯ ನಡುವೆ ಬಿಳಿ ಗೆರೆ. ಅಲ್ಲಿ ಸಂದಿಲ್ಲ, ಒಂದೇ ಚಿಪ್ಪು. ಮುಖದ ಮೇಲೆ ಎರಡು ದೊಡ್ಡ ಕಣ್ಣು, ಪಕ್ಕದಲ್ಲಿ ಸಣ್ಣವು. ದವಡೆ ಗಿಡ್ಡ, ಹೆಣ್ಣು.

"ಇಲ್ಲಿ ಬರ್ರಿ, ಕಾಕಾ. ನೋಡ್ರಿ," ಎಂದಳು. ಬಸಗೊಂಡಪ್ಪ ಬಗ್ಗಿದ. ಶೈಲಾ ಅವನ ಹೆಗಲ ಮೇಲಿಂದ ಇಣುಕಿದಳು. "ಇದು ಇರುವಿ ಅಲ್ರಿ. ಎಂಟು ಕಾಲು ಅದಾವ, ಎಣಸ್ರಿ. ಇರುವಿಗೆ ಆರ. ಇವು ಮೀಸಿ ಅಲ್ಲ, ಮುಂದಿನ ಕಾಲು. ಇದು ಜ್ಯಾಡ. ಇರುವಿ ವೇಷಾ ಹಾಕ್ಕೊಂಡೈತಿ, ಹಕ್ಕಿ ತಿನ್ನಬಾರದಂತ. ಇದರ ಬಾಯಿ ಎಷ್ಟ ಐತಿ ನೋಡ್ರಿ. ಇದು ಕಡದ್ರ ಸೊಳ್ಳಿ ಕಡದಂಗ ಆಗಬೇಕು, ಅಷ್ಟ."

"ಹಂಗಾರ ಚಲೋನ ಆತಲ್ಲ," ಎಂದ ಬಸಗೊಂಡಪ್ಪ, ಉಸಿರು ಬಿಟ್ಟು.

"ಚಲೋ ಅಲ್ರಿ," ಎಂದಳು ಸುರೈಯಾ. "ಇದು ಕಡದಿಲ್ಲ ಅಂದ್ರ, ಮತ್ತೇನು ಕಡೀತು?"

ಎಲ್ಲರ ಕಣ್ಣು ಕ್ರೇಟುಗಳ ರಾಶಿಯ ಕಡೆ ಹೋಯಿತು. ಅದರ ಕೆಳಗೆ ಒಣ ಎಲೆ, ಕಲ್ಲು, ಕತ್ತಲು.

ಸುರೈಯಾ ಗುರುಸಿದ್ದವ್ವನ ಮುಂದೆ ಕೂತು, ಕುಡಿಯುವ ನೀರಿನಿಂದ ಸುಣ್ಣ ತೊಳೆದಳು. ಅದರ ಕೆಳಗೆ ಎರಡು ತೂತು, ಒಂದರ ಪಕ್ಕ ಒಂದು. ಎರಡರಿಂದಲೂ ತೆಳ್ಳಗೆ ರಕ್ತ ಬರುತ್ತಿತ್ತು.

"ಬಾಯಿ ತಗೀರಿ, ಯವ್ವಾ."

ಗುರುಸಿದ್ದವ್ವ ನಗುತ್ತಲೇ ಬಾಯಿ ತೆರೆದಳು. ಎಲೆ ಅಡಿಕೆ ತಿನ್ನುವ ಬಾಯಿ ಅದು, ಕೆಂಪು ಯಾವುದೆಂದು ಗೊತ್ತಾಗಲಿಲ್ಲ. ನೀರು ಮುಕ್ಕಳಿಸಿ ಉಗುಳಲು ಹೇಳಿದಳು. ಮತ್ತೊಮ್ಮೆ ಹೇಳಿದಳು. ಎಲೆಯ ಬಣ್ಣ ಹೋಗಿ ನೀರು ತಿಳಿಯಾದ ಮೇಲೂ ಹಲ್ಲಿನ ಬುಡದಲ್ಲಿ ಕೆಂಪು ಗೆರೆ ಮೂಡುತ್ತಲೇ ಇತ್ತು. ಗುರುಸಿದ್ದವ್ವ ತಾನು ಉಗುಳಿದ್ದನ್ನು ತಾನೇ ನೋಡಿದಳು. ಅವಳ ನಗು ಅಲ್ಲಿಗೆ ನಿಂತಿತು.

"ಹಾವು," ಎಂದಳು ಸುರೈಯಾ. "ವಿಷಕ್ಕ ರಕ್ತ ಹೆಪ್ಪುಗಟ್ಟವಲ್ದು. ಗಾಡಿ ತಿರಗಸ್ರಿ. ವಿಜಯಪುರಕ್ಕ ಹೋಗೂಣು."

ಬಸಗೊಂಡಪ್ಪನಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. "ಹಾವು ಯಾರೂ ನೋಡಿಲ್ಲಲ್ಲವ್ವಾ. ಊರಾಗ ಔಷಧಾ ಕೊಡಾವ ಕರೆಪ್ಪ ಅದಾನ, ಅವಗ ತೋರಿಸಿ..."

"ನಾ ತಪ್ಪಿದ್ರ ನಾಳೆ ಎಲ್ಲಾರೂ ಕೂಡಿ ನಗ್ರಿ. ಈಗ ಹೋಗಾಕ ಬಿಡ್ರಿ. ಆ ಕ್ರೇಟಿನ ಕೆಳಗ ಯಾರೂ ಕೈ ಹಾಕಬ್ಯಾಡ್ರಿ."

ಬಳೆಗಳನ್ನು ಮೆಹಬೂಬ ಇಕ್ಕಳದಿಂದ ಒಡೆದು ತೆಗೆದ. ಕೈ ಅಲ್ಲಾಡದಂತೆ ಒಂದು ಮರದ ಪಟ್ಟಿಗೆ ಸಡಿಲಾಗಿ ಕಟ್ಟಿ, ಗುರುಸಿದ್ದವ್ವನನ್ನು ಮುಂದಿನ ಸೀಟಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡರು. ಯಾರೋ ಬಿಗಿಯಾಗಿ ಹಗ್ಗ ಕಟ್ಟಲು ಬಂದರು, ಸುರೈಯಾ ಬೇಡವೆಂದಳು.

ಆ ದಾರಿ ಸುರೈಯಾಳಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಅಂದು ಮಾತ್ರ ಅದು ಮುಗಿಯಲೊಲ್ಲದು. ತಿಕೋಟಾ ದಾಟುವಾಗ ಬಾವು ಮೊಣಕೈ ಮುಟ್ಟಿತ್ತು. ಗುರುಸಿದ್ದವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, ಸೆರಗು ನೋಡಿ, ಮಡಚಿ ಮುಚ್ಚಿಟ್ಟುಕೊಂಡಳು. ಆಮೇಲೆ ಕೇಳಿದಳು, "ತಂಗೀ, ನಾ ಸಾಯ್ತೀನೇನು?"

"ಇಲ್ರಿ ಯವ್ವಾ. ಸೂಜಿ ಐತಿ ಅಲ್ಲಿ."

"ನಿನ್ನ ಕೈ ಯಾಕ ತಣ್ಣಗ ಐತಿ ಮತ್ತ?"

ಸುರೈಯಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳ ಎದೆಯೊಳಗೆ ಎರಡು ಹೆದರಿಕೆಗಳು ಗುದ್ದಾಡುತ್ತಿದ್ದವು. ತಾನು ಹೇಳಿದ್ದು ನಿಜವಾಗಿದ್ದರೆ ಈ ಹೆಂಗಸು ತನ್ನ ಹೆಗಲ ಮೇಲೆಯೇ ಜೀವ ಬಿಡಬಹುದು. ಸುಳ್ಳಾಗಿದ್ದರೆ, ಆ ಜೇಡದ ಬಗ್ಗೆ ತನಗೆ ಗೊತ್ತಿರುವುದೆಲ್ಲ ಸುಳ್ಳು. ಪಡದಲ್ಲಿ ಕಳೆದ ಆ ಕೆಲವು ಗಳಿಗೆ, ಗಾಡಿಯ ಬಾಗಿಲಿಗೆ ಬೆನ್ನು ಕೊಟ್ಟು ತಾನು ಸುಮ್ಮನೆ ನಿಂತಿದ್ದು, ಅದೂ ನೆನಪಾಗಿ ಹಿಂಡುತ್ತಿತ್ತು.

ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರು ಏನು ಕಚ್ಚಿತೆಂದು ಕೇಳಿದರು. "ಇರುವಿ ಅಂತ ಅಂದ್ಕೊಂಡಿದ್ವಿರಿ," ಎಂದು ಮೆಹಬೂಬ ಶುರು ಮಾಡಿದ. ಸುರೈಯಾ ನಡುವೆ ಬಾಯಿ ಹಾಕಿ, ಕ್ರೇಟಿನ ಕೆಳಗೆ ಕೈ ಹಾಕಿದ್ದು, ಎರಡು ಗುರುತು, ಒಸಡಿನ ರಕ್ತ ಎಲ್ಲ ಹೇಳಿದಳು. ಡಾಕ್ಟರು ಮರುಮಾತಾಡದೆ ಗುರುಸಿದ್ದವ್ವನ ರಕ್ತವನ್ನು ಸಣ್ಣ ಗಾಜಿನ ನಳಿಗೆಗೆ ತೆಗೆದು ಮೇಜಿನ ಮೇಲೆ ನಿಲ್ಲಿಸಿದರು.

"ಇದು ಹೆಪ್ಪುಗಟ್ಟಬೇಕು," ಎಂದರು. "ಹೆಪ್ಪುಗಟ್ಟಲಿಲ್ಲ ಅಂದ್ರ ನೀವು ಹೇಳಿದ್ದು ಖರೆ. ನಳಿಗಿ ಮುಟ್ಟಬ್ಯಾಡ್ರಿ."

ಸುರೈಯಾ ಆ ನಳಿಗೆಯ ಮುಂದೆ ನಿಂತಳು. ಹೆಪ್ಪುಗಟ್ಟಲಿ ಎಂದು ಬೇಡಿಕೊಂಡಳು. ಎಲ್ಲರೂ ನಗಲಿ, ಬಸಗೊಂಡಪ್ಪ ಊರ ತುಂಬ ಹೇಳಿಕೊಂಡು ತಿರುಗಲಿ, ಹೆಪ್ಪುಗಟ್ಟಲಿ. ಹೊತ್ತು ಕಳೆದ ಮೇಲೆ ಡಾಕ್ಟರು ಬಂದು ನಳಿಗೆಯನ್ನು ಓರೆ ಮಾಡಿದರು. ರಕ್ತ ನೀರಿನ ಹಾಗೆ ಗೋಡೆಗುಂಟ ಹರಿಯಿತು.

ಅವರು ನರ್ಸನ್ನು ಕೂಗಿದರು. ಹಾವಿನ ವಿಷಕ್ಕೆ ಕೊಡುವ ಔಷಧಿಯ ಬಾಟಲಿಗಳು ಬಂದವು, ಸಲಾಯಿನ್ ಹಚ್ಚಿದರು, ಪರದೆ ಎಳೆದರು. ಹೊರಗಿನ ಬೆಂಚಿನ ಮೇಲೆ ಸುರೈಯಾ ಕುಸಿದು ಕೂತಳು. ಸ್ವಲ್ಪ ಹೊತ್ತಿಗೆ ಬಸಗೊಂಡಪ್ಪನ ಫೋನು ಬಂತು. ಉದ್ದನೆಯ ಬಿದಿರು ಗಳದಿಂದ ಕ್ರೇಟುಗಳನ್ನು ಒಂದೊಂದಾಗಿ ಉರುಳಿಸಿದ್ದರಂತೆ. ಕಟ್ಟಕಡೆಯದರ ಕೆಳಗೆ, ಮಣ್ಣಿನ ಬಣ್ಣದ, ಮೊಳದಷ್ಟೂ ಇಲ್ಲದ ಹಾವು ಸುರುಳಿ ಸುತ್ತಿ, ಮೈಗೆ ಮೈ ತಿಕ್ಕಿ ಗರಗಸದಂತೆ ಸದ್ದು ಮಾಡುತ್ತಿತ್ತಂತೆ. ಸಣ್ಣ ಮಂಡಲದ ಹಾವು.

"ಅಲ್ಲೇ ಎಲ್ಲಾರೂ ಕುಂತು ಬುತ್ತಿ ಬಿಚ್ಚಾವರು ಇದ್ವಿ," ಎಂದ ಬಸಗೊಂಡಪ್ಪ.

ಗುರುಸಿದ್ದವ್ವ ಬದುಕಿದಳು. ಸುಲಭವಾಗಿ ಅಲ್ಲ. ರಕ್ತ ಮತ್ತೆ ಹೆಪ್ಪುಗಟ್ಟಲು ಶುರುವಾಗುವವರೆಗೆ ಮೂಗಿನಿಂದಲೂ ಬಂತು, ಮೂತ್ರದಲ್ಲೂ ಬಂತು. ಕಿರುಬೆರಳು ಕಪ್ಪಾಗಿ ತುದಿ ತೆಗೆಯಬೇಕಾಯಿತು. ಅವಳ ಮಗ ಮುತ್ತು ವಾರ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ. ಅವಳು ಮನೆಗೆ ಬರುವ ಹೊತ್ತಿಗೆ ಬಿಜ್ಜರಗಿಯ ಪಡಗಳಲ್ಲಿ ಹಣ್ಣೆಲ್ಲ ಇಳಿದು ಶೆಡ್ಡು ಸೇರಿತ್ತು. ಬಸಗೊಂಡಪ್ಪ ಎಣ್ಣೆ ಹೊಡೆಸಲಿಲ್ಲ. ಇರುವೆಯ ಸುದ್ದಿ ಕೆಲವು ದಿನ ಓಡಾಡಿ ತಾನಾಗಿ ಸತ್ತಿತು; ಸುರೈಯಾ ತೆಗೆದ ಚಿತ್ರ ಅದೇ ಮೊಬೈಲುಗಳಲ್ಲಿ, ಕಾಲು ಎಣಿಸಿ ಎಂಬ ಮಾತಿನ ಜೊತೆ, ಒಂದಷ್ಟು ತಿರುಗಿತು.

ಪಡಗಳಲ್ಲಿ ಮುಂದಿನ ಕೆಲಸದ ಕಾಲ ಬಂದಾಗ ಗುರುಸಿದ್ದವ್ವ ಒಂದು ದಿನ ತಿಕೋಟಾಕ್ಕೆ ಸುರೈಯಾಳ ಮನೆಗೆ ಬಂದಳು. ಪೀರಾಂಬಿ ಚಹಾ ಮಾಡಿ ಕೊಟ್ಟಳು. ಬಹಳ ಹೊತ್ತು ಬೇರೆ ಮಾತಾಡಿ, ಕಪ್ಪು ಕೆಳಗಿಟ್ಟ ಮೇಲೆ ಬಂದ ಕಾರಣ ಹೇಳಿದಳು.

"ನನಗ ಪಡದಾಗ ಹೋಗಾಕ ಆಗವಲ್ದು, ತಂಗೀ. ಬಾಗಲಕ ಹೋಗಿ ಹೊಳ್ಳಿ ಬಂದೇನಿ. ಜಲ್ಮದಾಗ ಇಂಥಾ ಹೆದರಿಕಿ ಕಂಡಾಕಿ ಅಲ್ಲ ನಾ. ಎಲಿ ಅಲ್ಲಾಡಿದ್ರ ಕಾಲು ನಡಗ್ತಾವ. ನಿನಗ ಸಣ್ಣಾಕಿದ್ದಾಗಿಂದ ಜ್ಯಾಡದ ಹೆದರಿಕಿ ಅಂತ ಮೆಹಬೂಬ ಹೇಳಿದ. ನೀ ಹೆಂಗ ಇಷ್ಟು ವರ್ಷ ಹೆದರಿಕಿ ಇಟ್ಕೊಂಡು ಬಾಳೇವು ಮಾಡಿದಿ?"

ಹೋಗಿಬಿಡುತ್ತದೆ ಎಂದು ಸುರೈಯಾ ಹೇಳಿದ್ದರೆ ಸುಳ್ಳಾಗುತ್ತಿತ್ತು. "ಹೋಗೂದಿಲ್ಲರಿ ಅದು," ಎಂದಳು. "ಜೋಡಿ ಬರ್ತೈತಿ. ಕೆಲಸಾ ಮಾಡಾಕ ಬಿಡ್ತೈತಿ ಖರೆ."

"ಹಂಗಾರ ಮೊದಲನೇ ದಿನ ನನ್ನ ಜೋಡಿ ಬಾ."

ಆ ಭಾನುವಾರ ಇಬ್ಬರೂ ಬಸಗೊಂಡಪ್ಪನ ಪಡಕ್ಕೆ ಹೋದರು. ಬಳ್ಳಿಗಳು ಹೊಸ ಚಿಗುರು ಬಿಟ್ಟಿದ್ದವು. ಒಳಗೆ ಎಲೆಯ ನೆರಳು ದಟ್ಟವಾಗಿತ್ತು. ಗುರುಸಿದ್ದವ್ವ ಕೋಲಿನಿಂದ ನೆಲ ಬಡಿಯುತ್ತ ಕಾಲ ಕೆಳಗೆ ನೋಡಿದಳು. ಸುರೈಯಾ ಸೆರಗು ತಲೆಯ ತುಂಬ ಎಳೆದುಕೊಂಡು ಮೇಲಿನ ಎಲೆಗಳನ್ನು ನೋಡಿದಳು. ಸಾಲಿನ ನಡುವೆ ಇಬ್ಬರ ಕಾಲೂ ನಿಂತವು. ಗುರುಸಿದ್ದವ್ವ ಕಿರುಬೆರಳ ತುದಿ ಹೋದ ಕೈಯನ್ನು ಚಾಚಿದಳು, ಸುರೈಯಾ ಹಿಡಿದುಕೊಂಡಳು, ಮತ್ತೆ ಮುಂದೆ ನಡೆದರು.